ತಿಂದದ್ದು ಎಲ್ಲಿ ಬಿಚ್ಚಿಕೊಳ್ಳುತ್ತದೆ?

ರೇಷನ್ ಅಕ್ಕಿಯನ್ನು ಮೊರಕ್ಕೆ ಹಾಕಿ ಹಸನು ಮಾಡುವಾಗ ನಡುನಡುವೆ ಕೆಲವು ಕಾಳುಗಳು ಬೇರೆಯಾಗಿ ಕಾಣುತ್ತವೆ. ಬಿಳುಪು ತುಸು ಹೆಚ್ಚು, ಮೈ ಒಂದಿಷ್ಟು ನಯ, ನೀರಿಗೆ ಹಾಕಿದರೆ ಕೆಲವು ತೇಲುವುದೂ ಉಂಟು. ಬಲವರ್ಧಿತ ಅಕ್ಕಿ ಪಡಿತರದಲ್ಲಿ ಬರತೊಡಗಿದಾಗ ಇದನ್ನು ಕಂಡು ‘ಪ್ಲಾಸ್ಟಿಕ್ ಅಕ್ಕಿ’ ಎಂಬ ವದಂತಿ ಕರ್ನಾಟಕ, ತಮಿಳುನಾಡು ಗಡಿಯ ಎರಡೂ ಕಡೆ ಹಬ್ಬಿತು. ಮಕ್ಕಳ ಹೊಟ್ಟೆಗೆ ಏನಾದರೂ ಆದೀತೆಂದು ಹೆದರಿದವರು ಆ ಕಾಳುಗಳನ್ನೇ ಆರಿಸಿ ಹೊರಗೆ ಎಸೆದರು. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ಕನ್ನಡ ಮನೆಗಳಿಗೆ ಇಂಥ ವಿಷಯಗಳನ್ನು ಅವರ ಮಾತಿನಲ್ಲಿ ಬಿಡಿಸಿ ಹೇಳುವ ಬರಹ ಸಿಗುವುದು ಅಪರೂಪ. ಆದ್ದರಿಂದ ಈ ವಾರದ ಅಂಕಣ ಆ ಕಾಳಿನಿಂದಲೇ ಶುರುವಾಗಲಿ.

ಆ ಕಾಳು ಅಕ್ಕಿಯೇ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ವಿಟಮಿನ್ ಬೆರೆಸಿ, ನೀರು ಹಾಕಿ ಕಲಸಿ, ಬಿಸಿ ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರದ ಅಚ್ಚಿನಿಂದ ಹೊರಡಿಸಿ ಒಣಗಿಸುತ್ತಾರೆ. ಹೀಗೆ ತಯಾರಾದ ಒಂದು ಕಿಲೋ ಕಾಳನ್ನು ನೂರು ಕಿಲೋ ಮಾಮೂಲಿ ಅಕ್ಕಿಗೆ ಬೆರೆಸುತ್ತಾರೆ. ಬೆರೆಸಿದ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ. 2021ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ಘೋಷಿಸಿದ ಈ ಯೋಜನೆ 2024ರ ಮಾರ್ಚ್ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳ ಪಡಿತರಕ್ಕೂ ತಲುಪಿತ್ತು. ಕಬ್ಬಿಣ ಬೆರೆಸಿದ ಅಕ್ಕಿ ಎಲ್ಲರಿಗೂ ಬೇಕೇ ಎಂಬ ಬಗ್ಗೆ ಪೌಷ್ಟಿಕತಜ್ಞರಲ್ಲಿ ಒಮ್ಮತವಿಲ್ಲ. ಅದು ನಡೆಯಲೇಬೇಕಾದ ಚರ್ಚೆ. ಆದರೆ ಪ್ಲಾಸ್ಟಿಕ್ಕಿಗೂ ಈ ಕಾಳಿಗೂ ಸಂಬಂಧವಿಲ್ಲ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಇಷ್ಟೆಲ್ಲ ಕಷ್ಟ ಏಕೆ, ಪುಡಿಯನ್ನು ಅಕ್ಕಿಯ ಮೇಲೆ ಉದುರಿಸಿದರೆ ಸಾಲದೇ ಎಂದು ಯಾರಿಗಾದರೂ ಅನಿಸಬಹುದು. ಸಾಲದು. ನಮ್ಮಲ್ಲಿ ಅಕ್ಕಿಯನ್ನು ಎರಡು ಮೂರು ಸಲ ತೊಳೆಯುತ್ತೇವೆ, ಕೆಲವರು ಗಂಜಿ ಬಸಿಯುತ್ತಾರೆ. ಉದುರಿಸಿದ ಪುಡಿ ಅಕ್ಕಚ್ಚಿನ ಜೊತೆ ಹೋಗುತ್ತದೆ. ಕಬ್ಬಿಣಕ್ಕಂತೂ ಇನ್ನೂ ತಾಪತ್ರಯ. ನೀರಿನಲ್ಲಿ ಸಲೀಸಾಗಿ ಕರಗುವ ಕಬ್ಬಿಣದ ಲವಣಗಳು ಅನ್ನದ ಬಣ್ಣ ಕೆಡಿಸುತ್ತವೆ, ಬಾಯಲ್ಲಿ ಲೋಹದ ರುಚಿ ಉಳಿಸುತ್ತವೆ. ಆದ್ದರಿಂದ ಬಲವರ್ಧಿತ ಅಕ್ಕಿಗೆ ಸಾಮಾನ್ಯವಾಗಿ ಫೆರಿಕ್ ಪೈರೋಫಾಸ್ಫೇಟ್ ಎಂಬ ಬಿಳಿ ಪುಡಿ ಹಾಕುತ್ತಾರೆ. ಅದು ನೀರಿನಲ್ಲಿ ಕರಗದು, ಜಠರದ ಆಮ್ಲದಲ್ಲಿ ನಿಧಾನವಾಗಿ ಕರಗುತ್ತದೆ. ಕಾಳಿನ ಪಿಷ್ಟ ಅದನ್ನು ಪಾತ್ರೆಯಲ್ಲಿ ಹಿಡಿದಿಟ್ಟು ಹೊಟ್ಟೆಯಲ್ಲಿ ಬಿಟ್ಟುಕೊಡುತ್ತದೆ. ಒಂದು ಪೋಷಕಾಂಶವನ್ನು ಬೇಡದ ಕಡೆ ಬಿಗಿಹಿಡಿದು, ಬೇಕಾದ ಕಡೆ ಬಿಡುವುದು: ಇಡೀ ಒಂದು ವಿಜ್ಞಾನಶಾಖೆ ಈ ಒಂದು ಮಾತಿನ ಮೇಲೆ ನಿಂತಿದೆ. ಅದಕ್ಕೆ ಮೈಕ್ರೋಎನ್‌ಕ್ಯಾಪ್ಸುಲೇಷನ್ ಎಂದು ಹೆಸರು. ಸೂಕ್ಷ್ಮ ಕವಚ ತೊಡಿಸುವುದು ಎನ್ನೋಣ.

ಈ ಕವಚಗಳ ಗಾತ್ರ ಸಾಮಾನ್ಯವಾಗಿ ಒಂದು ಮೈಕ್ರಾನಿನಿಂದ ಸಾವಿರ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಿಂದ ಒಂದು ಮಿಲಿಮೀಟರ್‌ವರೆಗೆ. ರಚನೆಯಲ್ಲಿ ಎರಡು ಬಗೆ. ಹೋಳಿಗೆಯಲ್ಲಿ ಹೂರಣ ಒಳಗೆ, ಕಣಕ ಸುತ್ತ ಇರುವಂತೆ ಒಂದು ಬಗೆ; ಮಸಾಲೆ ರೊಟ್ಟಿಯಲ್ಲಿ ಈರುಳ್ಳಿ, ಸಬ್ಬಸಿಗೆ ಹಿಟ್ಟಿನ ಉದ್ದಗಲಕ್ಕೂ ಹರಡಿರುವಂತೆ ಇನ್ನೊಂದು. ಮೊದಲನೆಯದು ಕವಚ ಒಡೆದಾಗ ಒಮ್ಮೆಗೇ ಬಿಟ್ಟುಕೊಡುತ್ತದೆ, ಎರಡನೆಯದು ಕರಗುತ್ತ ಕರಗುತ್ತ ಕೊಡುತ್ತದೆ. ರೇಷನ್ ಅಕ್ಕಿಯ ಬಲವರ್ಧಿತ ಕಾಳು ಗಾತ್ರದಲ್ಲಿ ಸೂಕ್ಷ್ಮವಲ್ಲ. ತತ್ವದಲ್ಲಿ ಅದು ಈ ಎರಡನೆಯ ಬಗೆಗೆ ಸೇರಿದ್ದು.

ಈ ತಂತ್ರ ಮೊದಲು ಹೆಸರು ಮಾಡಿದ್ದು ಊಟದ ಲೋಕದಲ್ಲಲ್ಲ, ಕಚೇರಿಯಲ್ಲಿ. 1950ರ ದಶಕದಲ್ಲಿ ಅಮೆರಿಕದ ಎನ್‌ಸಿಆರ್ ಕಂಪನಿಯಲ್ಲಿ ಬ್ಯಾರೆಟ್ ಗ್ರೀನ್ ಮತ್ತು ಸಂಗಡಿಗರು ಬಣ್ಣರಹಿತ ಮಸಿಯ ಹನಿಗಳಿಗೆ ಜೆಲಾಟಿನ್ ಕವಚ ತೊಡಿಸಿ ಕಾಗದದ ಬೆನ್ನಿಗೆ ಬಳಿದರು. ಪೆನ್ನಿನ ಒತ್ತಡಕ್ಕೆ ಕವಚ ಒಡೆದು ಕೆಳಗಿನ ಹಾಳೆಯಲ್ಲಿ ಅಕ್ಷರ ಮೂಡುತ್ತಿತ್ತು. ಕಾರ್ಬನ್ ಹಾಳೆ ಇಲ್ಲದೆ ನಕಲು ಮೂಡುವ ಬಿಲ್ ಪುಸ್ತಕಗಳ ಹಿಂದೆ ಇರುವುದು ಇದೇ ತಂತ್ರ. ಅಲ್ಲಿ ಕವಚ ಒಡೆಯಲು ಪೆನ್ನಿನ ಒತ್ತಡ ಸಾಕಾಯಿತು. ಆಹಾರದಲ್ಲಿ ಆ ಕೆಲಸವನ್ನು ಮಾಡಬೇಕಾದದ್ದು ನಮ್ಮ ದೇಹ.

ದೇಹದಲ್ಲಿ ಒಂದೇ ಬಾಗಿಲು ಇದ್ದಿದ್ದರೆ ಕೆಲಸ ಸುಲಭವಿತ್ತು. ಬಾಯಲ್ಲಿ ಜೊಲ್ಲು ಹೆಚ್ಚುಕಡಿಮೆ ತಟಸ್ಥ, ಪಿಷ್ಟ ಅಲ್ಲಿಂದಲೇ ಒಡೆಯತೊಡಗುತ್ತದೆ. ಜಠರ ಇಳಿದೊಡನೆ ಕಟು ಆಮ್ಲ. ಹಸಿದ ಹೊಟ್ಟೆಯಲ್ಲಿ ಆಮ್ಲದ ಅಳತೆಯಾದ ಪಿಎಚ್ 1.5ರಿಂದ 3ರ ಆಸುಪಾಸು ಇರುತ್ತದೆ, ಊಟ ಬಿದ್ದ ಮೇಲೆ ಕೊಂಚ ಏರಿ ಮತ್ತೆ ಇಳಿಯುತ್ತದೆ. ಅಲ್ಲಿ ಪೆಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಎರಡು ಮೂರು ಗಂಟೆಯ ನಂತರ ಸಣ್ಣ ಕರುಳು. ಪಿತ್ತರಸ ಬಂದು ಕೊಬ್ಬನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ, ಮೇದೋಜೀರಕದ ಕಿಣ್ವಗಳು ಉಳಿದ ಕೆಲಸ ಮಾಡುತ್ತವೆ, ಪಿಎಚ್ 6ರಿಂದ 7ರ ಮೇಲಕ್ಕೆ ಹೋಗುತ್ತದೆ. ಕೊನೆಗೆ ದೊಡ್ಡ ಕರುಳು. ಅಲ್ಲಿ ನಮ್ಮ ಕಿಣ್ವಗಳ ಆಟ ಮುಗಿದು ಬ್ಯಾಕ್ಟೀರಿಯಾಗಳ ರಾಜ್ಯ ಶುರು.

ಪ್ರತಿ ಪೋಷಕಾಂಶಕ್ಕೂ ಈ ದಾರಿಯಲ್ಲಿ ಇಳಿಯಬೇಕಾದ ನಿಲ್ದಾಣ ಬೇರೆ. ಕಬ್ಬಿಣ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ತುಂಡಿನಲ್ಲಿ, ಆದ್ದರಿಂದ ಅದು ಜಠರದಲ್ಲೇ ಬಿಡುಗಡೆಯಾಗಿ ಸಿದ್ಧವಾಗಿರಬೇಕು. ಮೊಸರಿನಲ್ಲಿರುವಂಥ ಉಪಕಾರಿ ಬ್ಯಾಕ್ಟೀರಿಯಾಗಳು ಜಠರದ ಆಮ್ಲದಲ್ಲಿ ಬಹುಪಾಲು ಸಾಯುತ್ತವೆ, ಅವುಗಳ ಕವಚ ಕರುಳು ಮುಟ್ಟುವ ತನಕ ಬಿಚ್ಚಕೂಡದು. ಮಾವಿನ ಹಣ್ಣಿನ ಹಳದಿ ಬಣ್ಣದಲ್ಲಿರುವ ಬೀಟಾ ಕ್ಯಾರೊಟಿನ್‌ಗೆ ಕೊಬ್ಬು ಮತ್ತು ಪಿತ್ತರಸ ಎರಡೂ ಬೇಕು. ಇದರಿಂದ ಒಂದು ಮುಖ್ಯ ಪಾಠ ಹೊರಡುತ್ತದೆ. ಕವಚ ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ಎಣಿಕೆ ತಪ್ಪು. ಕಬ್ಬಿಣದ ಸುತ್ತ ಕೊಬ್ಬಿನ ಲೇಪ ದಪ್ಪವಾದರೆ ಅದು ತನ್ನ ನಿಲ್ದಾಣ ದಾಟಿ ಮುಂದೆ ಹೋಗಿ ಮಲದಲ್ಲಿ ಸೇರುತ್ತದೆ. ಬಿಚ್ಚಿಕೊಳ್ಳದ ಕವಚ, ಹಾಕದ ಪೋಷಕಾಂಶಕ್ಕೆ ಸಮ.

ಇದಕ್ಕಾಗಿಯೇ ಕವಚದ ಸಾಮಗ್ರಿಯನ್ನು ಅಳೆದು ತೂಗಿ ಆರಿಸುತ್ತಾರೆ. ಕಂದು ಕಡಲಕಳೆಯಿಂದ ಬರುವ ಆಲ್ಜಿನೇಟ್ ದ್ರಾವಣವನ್ನು ಕ್ಯಾಲ್ಸಿಯಂ ನೀರಿಗೆ ತೊಟ್ಟಿಕ್ಕಿಸಿದರೆ ಹನಿ ಹನಿಯೂ ಮಣಿಯಾಗುತ್ತದೆ. ಆ ಮಣಿ ಆಮ್ಲದಲ್ಲಿ ಮುದುಡಿಕೊಂಡು, ಕರುಳಿನಲ್ಲಿ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಅರಗಿನ ಲೇಪ ಪಿಎಚ್ 7ರ ಹತ್ತಿರ ಬಂದಾಗ ಕರಗುತ್ತದೆ. ಹಾಲಿನ ಪ್ರೋಟೀನಿನ ಕವಚವನ್ನು ಪೆಪ್ಸಿನ್ ಜಠರದಲ್ಲೇ ಕತ್ತರಿಸತೊಡಗುತ್ತದೆ. ಪೆಕ್ಟಿನ್, ಗೋರಿಕಾಯಿಯ, ಅಂದರೆ ಗೌರ್ ಬೀಜದ ಅಂಟು ಮುಂತಾದವನ್ನು ನಮ್ಮ ಕಿಣ್ವಗಳು ಮುಟ್ಟಲಾರವು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೇ ಬಿಚ್ಚಬೇಕು. ತಯಾರಿಕೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಪ್ರೇ ಡ್ರೈಯಿಂಗ್. ಹಾಲಿನ ಪುಡಿ, ಇನ್‌ಸ್ಟಂಟ್ ಕಾಫಿ ಪುಡಿ ಮಾಡುವ ವಿಧಾನವೇ ಅದು. ಎಣ್ಣೆ ಅಥವಾ ಸಾರವನ್ನು ಕವಚದ ದ್ರಾವಣದಲ್ಲಿ ಕಡೆದು, 150ರಿಂದ 200 ಡಿಗ್ರಿ ಬಿಸಿಗಾಳಿಯೊಳಗೆ ಮಂಜಿನಂತೆ ಸಿಂಪಡಿಸುತ್ತಾರೆ. ನೀರು ಕ್ಷಣಗಳಲ್ಲಿ ಆವಿಯಾಗುತ್ತದೆ, ಆವಿಯಾಗುವಾಗ ಹನಿಯನ್ನು ತಣ್ಣಗಿಡುತ್ತದೆ, ಒಳಗಿನ ವಸ್ತು ಬೇಯುವಷ್ಟರಲ್ಲಿ ಪುಡಿ ಕೆಳಗೆ ಬಿದ್ದಿರುತ್ತದೆ.

ಇದೆಲ್ಲ ದೂರದ ದೇಶಗಳ ಪ್ರಯೋಗಾಲಯದ ಮಾತು ಎಂದುಕೊಳ್ಳಬೇಕಿಲ್ಲ. ಹೊಸೂರು ರಸ್ತೆ ಹಿಡಿದು ಬೆಂಗಳೂರಿಗೆ ಹೋದರೆ ಕೋರಮಂಗಲದ ಬಳಿ ಸೇಂಟ್ ಜಾನ್ಸ್ ಸಂಸ್ಥೆ ಇದೆ. ಆಹಾರ ದೇಹಕ್ಕೆ ಎಷ್ಟು ದಕ್ಕುತ್ತದೆ ಎಂಬ ವಿಷಯದಲ್ಲಿ ಪ್ರಪಂಚವೇ ಉಲ್ಲೇಖಿಸುವ ಎರಡು ಅಧ್ಯಯನಗಳು ಆ ಸಂಸ್ಥೆಯೊಡನೆ ಬೆಸೆದುಕೊಂಡಿವೆ. ಒಂದು ಉಪ್ಪಿನದು. ಅಯೋಡಿನ್ ಇರುವ ಉಪ್ಪಿಗೆ ಕಬ್ಬಿಣವನ್ನೂ ಸೇರಿಸಿದರೆ ಅವೆರಡೂ ಜಗಳವಾಡುತ್ತವೆ. ಅಯೋಡಿನ್ ಹಾರಿಹೋಗುತ್ತದೆ, ಉಪ್ಪು ಕಂದುಗಟ್ಟುತ್ತದೆ. ಕಬ್ಬಿಣಕ್ಕೆ ಕವಚ ತೊಡಿಸಿ ಇಬ್ಬರನ್ನೂ ದೂರ ಇಡುವುದು ಒಂದು ಉಪಾಯ. ಸೇಂಟ್ ಜಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಸಂಶೋಧಕರು ದಕ್ಷಿಣ ಭಾರತದ ಶಾಲಾ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಅಯೋಡಿನ್ ಮಾತ್ರ ಇರುವ ಉಪ್ಪು, ಕೆಲವರಿಗೆ ನುಣುಪಾಗಿ ಅರೆದ ಫೆರಿಕ್ ಪೈರೋಫಾಸ್ಫೇಟ್ ಇರುವ ಉಪ್ಪು, ಉಳಿದವರಿಗೆ ಕವಚ ತೊಡಿಸಿದ ಫೆರಸ್ ಫ್ಯೂಮರೇಟ್ ಇರುವ ಉಪ್ಪು. ಹತ್ತು ತಿಂಗಳ ನಂತರ ಕಬ್ಬಿಣದ ಎರಡೂ ಉಪ್ಪುಗಳನ್ನು ತಿಂದ ಮಕ್ಕಳಲ್ಲಿ ರಕ್ತಹೀನತೆ ಇಳಿದಿತ್ತು. ಬಡವರ ಮನೆಯ ಸಾರಿಗೆ ಬೀಳುವ ಉಪ್ಪಿನ ಮೂಲಕ ಇಂಥ ತಂತ್ರ ತಲುಪಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಅರಿಶಿನದ್ದು. ಅರಿಶಿನದ ಕರ್ಕ್ಯುಮಿನ್ ಬಗ್ಗೆ ಎಷ್ಟು ಹೊಗಳಿಕೆ ಇದೆಯೋ, ಅದು ರಕ್ತಕ್ಕೆ ಸೇರುವುದು ಅಷ್ಟೇ ಕಡಿಮೆ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಲಭ್ಯತೆ ಶೇ 2000ರಷ್ಟು ಏರಿತು. ಇದು ಕವಚದ ಕೆಲಸವಲ್ಲ. ಕರುಳು ಮತ್ತು ಯಕೃತ್ತು ಕರ್ಕ್ಯುಮಿನ್ನನ್ನು ಹೊರಹಾಕಲು ಹಚ್ಚುವ ರಾಸಾಯನಿಕ ಗುರುತನ್ನು ಮೆಣಸು ತಡೆಯುತ್ತದೆ. ಆದರೆ ಈ ಅಧ್ಯಯನದಿಂದ ಒಂದು ಪ್ರಶ್ನೆ ಎಲ್ಲರ ಮುಂದೆ ನಿಂತಿತು: ಡಬ್ಬಿಯ ಮೇಲೆ ಬರೆದ ಮಿಲಿಗ್ರಾಂ ಎಷ್ಟು ಎನ್ನುವುದಕ್ಕಿಂತ ದೇಹಕ್ಕೆ ದಕ್ಕುವುದು ಎಷ್ಟು? ಕರ್ಕ್ಯುಮಿನ್‌ಗೆ ಕವಚ ತೊಡಿಸುವ ಪ್ರಯತ್ನಗಳೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ.

ಇದರ ಮಗ್ಗುಲಲ್ಲೇ ಒಂದು ಎಚ್ಚರಿಕೆಯೂ ಇದೆ. ದಕ್ಕುವುದು ಹೆಚ್ಚಾದರೆ ಪ್ರಮಾಣವೇ ಹೆಚ್ಚಾದಂತೆ. 2019ರಲ್ಲಿ ಇಟಲಿಯ ಆರೋಗ್ಯ ಇಲಾಖೆ ಅರಿಶಿನದ ಪೂರಕಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲಿಗೂ ಹೆಸರು ಒಂದೇ ಆದರೂ ದೇಹದ ಪಾಲಿಗೆ ಅವು ಬೇರೆ ಬೇರೆ. ಪೈಪರಿನ್ ಕೆಲವು ಔಷಧಿಗಳ ಮಟ್ಟವನ್ನೂ ಏರಿಸಬಲ್ಲದು. ದಿನವೂ ಮಾತ್ರೆ ನುಂಗುವ ಹಿರಿಯರು ಇಂಥ ಪೂರಕ ಶುರುಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಈ ಕ್ಷೇತ್ರದಲ್ಲಿ ನಮ್ಮ ಅಡುಗೆಮನೆಗೆ ಹತ್ತಿರವಾದ ಕೆಲಸ ಮಾಡಿದೆ. ಬಾಣಂತಿಯರಿಗೆ ಉಂಡೆ ಕಟ್ಟಿ ಕೊಡುವ ಅಳ್ವಿ ಬೀಜ ಗೊತ್ತಲ್ಲ, ಅದರ ಎಣ್ಣೆಯಲ್ಲಿ ಸುಮಾರು ಮೂರನೇ ಒಂದು ಪಾಲು ಒಮೆಗಾ-3 ಕೊಬ್ಬು. ಗಾಳಿ, ಬಿಸಿ ತಾಗಿದರೆ ಅದು ಬೇಗ ಕಮಟುತ್ತದೆ. ಅಲ್ಲಿನ ವಿಜ್ಞಾನಿಗಳು ಆ ಎಣ್ಣೆಗೆ ಹಾಲಿನ ಹಾಲೊಡಕು ಪ್ರೋಟೀನಿನ ಕವಚ ತೊಡಿಸಿ, ಬಿಸ್ಕತ್ತಿಗೂ ಬೆರೆಸಿ ಪರೀಕ್ಷಿಸಿದರು. ಅದೇ ಸಂಸ್ಥೆಯಲ್ಲಿ ಸಿ. ಆನಂದರಾಮಕೃಷ್ಣನ್ ಅವರ ತಂಡ ಗಾರ್ಸೀನಿಯ ಹಣ್ಣಿನ ಸಾರಕ್ಕೆ ಕವಚ ತೊಡಿಸಿ ಬ್ರೆಡ್ಡು, ಪಾಸ್ತಾಗಳಲ್ಲಿ ಹಾಕಿ ನೋಡಿತು. ಬಳಿಕ ಅವರು ಮುಖ್ಯಸ್ಥರಾದ ತಂಜಾವೂರಿನ ಆಹಾರ ಸಂಸ್ಕರಣಾ ಸಂಸ್ಥೆಯಲ್ಲಿ ಜಠರ ಮತ್ತು ಸಣ್ಣ ಕರುಳಿನ ಚಲನೆಯನ್ನು ಅನುಕರಿಸುವ ಕೃತಕ ಜೀರ್ಣಾಂಗ ಯಂತ್ರವನ್ನೂ ರೂಪಿಸಿದರು. ಕವಚ ಎಲ್ಲಿ ಬಿಚ್ಚುತ್ತದೆ ಎಂದು ತಿಳಿಯಲು ಪ್ರತಿ ಸಲ ಮನುಷ್ಯರ ಮೇಲೆ ಪ್ರಯೋಗ ಮಾಡಲಾಗದು. ಆದ್ದರಿಂದ ಲೋಕದ ಪ್ರಯೋಗಾಲಯಗಳು 2014ರಲ್ಲಿ ಒಂದು ಸಾಮಾನ್ಯ ವಿಧಾನಕ್ಕೆ ಒಪ್ಪಿ, 2019ರಲ್ಲಿ ಅದನ್ನು ತಿದ್ದಿಕೊಂಡವು. ಜಠರದ ಹಂತ ಪಿಎಚ್ 3ರಲ್ಲಿ ಎರಡು ಗಂಟೆ, ಕರುಳಿನ ಹಂತ ಪಿಎಚ್ 7ರಲ್ಲಿ ಎರಡು ಗಂಟೆ. ಗಾಜಿನ ಪಾತ್ರೆಯ ಈ ಫಲಿತಾಂಶ ಮನುಷ್ಯನ ದೇಹದ ಫಲಿತಾಂಶವಲ್ಲ, ಆದರೆ ದಾರಿ ಸರಿಯಿದೆಯೇ ಎಂದು ತಿಳಿಸುತ್ತದೆ.

ಈಗ ನಮ್ಮ ಹೊಲಕ್ಕೆ ಬರೋಣ. ಕೃಷ್ಣಗಿರಿ ಜಿಲ್ಲೆ ತಮಿಳುನಾಡಿನ ರಾಗಿಯ ಸೀಮೆ. ಕಾವೇರಿಪಟ್ಟಣದ ಬಳಿಯ ಪೈಯೂರು ಸಂಶೋಧನಾ ಕೇಂದ್ರದ ಹೆಸರಿನಲ್ಲೇ ರಾಗಿ ತಳಿಗಳಿವೆ. ರಾಗಿಯ ಪಾಲಿಫಿನಾಲ್ ಎಂಬ ಸಸ್ಯ ಸಂಯುಕ್ತಗಳು ಬಹುಪಾಲು ಇರುವುದು ಅದರ ಕೆಂಪು ಹೊರಪದರದಲ್ಲಿ. ಅವುಗಳಲ್ಲಿ ಫೆರುಲಿಕ್ ಆಮ್ಲದಂಥವು ನಾರಿಗೆ ಗಟ್ಟಿಯಾಗಿ ಅಂಟಿಕೊಂಡಿವೆ. ಜಠರ, ಸಣ್ಣ ಕರುಳುಗಳ ಕಿಣ್ವಗಳು ಆ ಬಂಧ ಬಿಡಿಸಲಾರವು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುವಾಗ ಅವು ಸ್ವಲ್ಪ ಸ್ವಲ್ಪವೇ ಹೊರಬರುತ್ತವೆ. ಪ್ರಯೋಗಾಲಯಗಳು ಪೆಕ್ಟಿನ್ ಲೇಪ ಹಚ್ಚಿ ಸಾಧಿಸಲು ಹೊರಟಿರುವ ನಿಧಾನ ಬಿಡುಗಡೆಯನ್ನು ಮುದ್ದೆ ಮೊದಲಿನಿಂದ ಮಾಡುತ್ತ ಬಂದಿದೆ. ಆದರೆ ಇದೇ ಹೊರಪದರ ಕಬ್ಬಿಣ, ಸುಣ್ಣದಂಶಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಅಷ್ಟೂ ನಮಗೆ ದಕ್ಕುವುದಿಲ್ಲ. ರಾಗಿಯನ್ನು ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಕೂಸಿಗೆ ಸರಿ ಮಾಡುವ ಅಜ್ಜಿಯರ ಪದ್ಧತಿ ಈ ಬಿಗಿಹಿಡಿತವನ್ನು ಸಡಿಲಿಸುತ್ತದೆ. ಕೂಸಿಗೆ ಸಡಿಲ ಬೇಕು, ಸಕ್ಕರೆ ಕಾಯಿಲೆಯ ಅಪ್ಪನಿಗೆ ಹೊರಪದರ ಸಹಿತವಾದ ಹಿಟ್ಟು ಬೇಕು. ಒಂದೇ ಧಾನ್ಯ, ಬಿಡುಗಡೆಯ ಲೆಕ್ಕ ಬೇರೆ.

ಇನ್ನು ಮಾವು, ಹುಣಸೆ. ಕೃಷ್ಣಗಿರಿಯ ತೋತಾಪುರಿ ಇಲ್ಲಿನ ತಿರುಳು ಕಾರ್ಖಾನೆಗಳಿಗೆ ಹೋಗುತ್ತದೆ. ಹಣ್ಣಿನ ತೂಕದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಸಿಪ್ಪೆ ಮತ್ತು ವಾಟೆಯಾಗಿ ಹೊರಬೀಳುತ್ತದೆ. ಆ ಸಿಪ್ಪೆಯಲ್ಲಿ ಪಾಲಿಫಿನಾಲ್ ಇದೆ, ಕ್ಯಾರೊಟಿನ್ ಇದೆ, ಅವಕ್ಕೆ ಕವಚವಾಗಬಲ್ಲ ಪೆಕ್ಟಿನ್ ಕೂಡ ಅದರಲ್ಲೇ ಇದೆ. ಸಿಪ್ಪೆಯ ಪುಡಿಯನ್ನು ಬಿಸ್ಕತ್ತಿಗೆ ಬೆರೆಸಿ ನಾರಿನಂಶ ಹೆಚ್ಚಿಸಬಹುದೆಂದು ಸಿಎಫ್‌ಟಿಆರ್‌ಐ ಎಂದೋ ತೋರಿಸಿದೆ. ಹುಣಸೆಯ ಹುಳಿ ಮಾರಿದ ಮೇಲೆ ಉಳಿಯುವ ಬೀಜ ಗಂಜಿ ಪುಡಿಯಾಗಿ ಬಟ್ಟೆ ಗಿರಣಿಗಳಿಗೆ ಹೋಗುತ್ತಿತ್ತು. ಅದರ ಕ್ಸೈಲೋಗ್ಲೂಕನ್ ಎಂಬ ಅಂಟನ್ನು ಜಪಾನ್ ಆಹಾರದಲ್ಲಿ ಬಳಸುತ್ತದೆ, ಔಷಧವನ್ನು ನಿಧಾನವಾಗಿ ಬಿಡುವ ವಾಹಕವಾಗಿಯೂ ಸಂಶೋಧಕರು ಅದನ್ನು ಪರೀಕ್ಷಿಸುತ್ತಿದ್ದಾರೆ. ಒಳಗಿಡುವ ಸರಕೂ ಹೊರಗಿನ ಕವಚವೂ ಒಂದೇ ಜಿಲ್ಲೆಯಲ್ಲಿ ಬೆಳೆಯುವಾಗ, ಅವೆರಡನ್ನೂ ಕಸದ ಬೆಲೆಗೆ ಬಿಟ್ಟು, ಬೇರೆಡೆ ತಯಾರಾದ ಡಬ್ಬಿಯನ್ನು ದುಬಾರಿ ಬೆಲೆಗೆ ಕೊಳ್ಳುವುದು ನಮಗೆ ನಷ್ಟ. ಸಿಪ್ಪೆಯನ್ನು ಆಹಾರಕ್ಕೆ ಬಳಸಬೇಕಾದರೆ ಕೀಟನಾಶಕದ ಶೇಷ ಇಲ್ಲದಂತೆ ಬೆಳೆಯಬೇಕು, ಹೊರಬಿದ್ದ ದಿನವೇ ಒಣಗಿಸಬೇಕು. ಅದನ್ನು ರೈತ ಉತ್ಪಾದಕ ಕಂಪನಿಗಳು ತಿರುಳು ಕಾರ್ಖಾನೆಗಳ ಜೊತೆ ಕೂತು ಮಾತಾಡಬೇಕಾದ ಕಾಲ ಬಂದಿದೆ.

ಕೊಳ್ಳುವ ನಾವೂ ಕೆಲವು ಸಂಗತಿ ಗಮನಿಸಬೇಕು. ಪೂರಕಗಳ ಡಬ್ಬಿಯ ಮೇಲೆ ಔಷಧವಾಗಿ ಬಳಸಲು ಅಲ್ಲ ಎಂದು ಅಚ್ಚಾಗಿರಬೇಕು ಎಂಬುದು ಕಾನೂನು. ಅಂಗಡಿಯವನು ಕಾಯಿಲೆ ವಾಸಿಯಾಗುತ್ತದೆ ಎಂದರೆ ಆ ಸಾಲನ್ನು ತೋರಿಸಿ. ಪದಾರ್ಥಗಳ ಪಟ್ಟಿಯಲ್ಲಿ ಐಎನ್‌ಎಸ್ 414 ಎಂದಿದ್ದರೆ ಗಮ್ ಅರೇಬಿಕ್, 401 ಎಂದಿದ್ದರೆ ಆಲ್ಜಿನೇಟ್, 904 ಎಂದಿದ್ದರೆ ಕೀಟದಿಂದ ಬರುವ ಅರಗು. ಜೆಲಾಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದದ್ದು. ಸಸ್ಯಾಹಾರಿಗಳಿಗೆ, ಹಾಲಿನ ಅಲರ್ಜಿ ಇರುವವರಿಗೆ ಕವಚವೂ ಆಹಾರವೇ ಎಂಬುದು ನೆನಪಿರಲಿ. ‘ನಿಧಾನ ಬಿಡುಗಡೆ’ ಎಂಬ ಮಾತು ಕಂಡಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಮನುಷ್ಯರಲ್ಲಿ ಪರೀಕ್ಷೆಯಾಗಿದೆಯೇ, ಗಾಜಿನ ಪಾತ್ರೆಯಲ್ಲಿ ಮಾತ್ರವೇ?

ಈ ವಿಜ್ಞಾನ ಯಾರ ತಟ್ಟೆಗೆ ಮೊದಲು ಬರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಣವಿರುವವರ ಡಬ್ಬಿಗೆ ಅದು ತಾನಾಗಿಯೇ ಬರುತ್ತದೆ. ಅಂಚೆಟ್ಟಿಯ ಕಾಡಂಚಿನ ಶಾಲೆಯ ಮಗುವಿನ ಉಪ್ಪಿಗೆ, ಬಸುರಿಯ ಅನ್ನಕ್ಕೆ ಬರಬೇಕಾದರೆ ಸರ್ಕಾರ ತರಬೇಕು. ತರುವಾಗ ಅದು ಏನು, ಏಕೆ, ಯಾರಿಗೆ ಬೇಡ ಎಂಬುದನ್ನು ತಿನ್ನುವವರ ಭಾಷೆಯಲ್ಲಿ ಹೇಳಬೇಕು. ಹೊಸೂರಿನ ನ್ಯಾಯಬೆಲೆ ಅಂಗಡಿಯ ಗೋಡೆಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕರಲ್ಲೂ ಒಂದೊಂದು ಹಾಳೆ ಅಂಟಿಸಲು ಹೆಚ್ಚು ಖರ್ಚಿಲ್ಲ. ತಿಳಿವಳಿಕೆ ಕೊಡದೆ ಕೊಟ್ಟ ಪೌಷ್ಟಿಕಾಂಶ ಮೊರದಿಂದಲೇ ಹೊರಗೆ ಹೋಗುತ್ತದೆ, ಎಷ್ಟೇ ಒಳ್ಳೆಯ ಕವಚ ತೊಡಿಸಿದ್ದರೂ.